ಮದುವೆ ನೀರು ಹಳ್ಳ ಬಿಟ್ಟು ಬೆಟ್ಟ ಹತ್ತಿದ ದಿನ

ಊಟಿಗೆ ಮೊದಲ ಸಲ ರೈಲು ಬಂದ ವರ್ಷವೇ ನನ್ನ ಮದುವೆಯಾಯಿತು. ಇಸವಿ ಕೇಳಿದರೆ ನನಗೆ ತಟ್ಟನೆ ಹೇಳಲು ಬರುವುದಿಲ್ಲ. ನಮ್ಮ ಕಡೆಯ ಹೆಂಗಸರೆಲ್ಲ ರೈಲು ಬರುವ ಮೊದಲು, ರೈಲು ಬಂದ ಮೇಲೆ ಎಂದೇ ಕಾಲವನ್ನು ನೆನಪಿಟ್ಟುಕೊಂಡವರು. ಆಗ ನನಗೆ ಹದಿನಾರೋ ಹದಿನೇಳೋ ಇರಬೇಕು.

ಮಕ್ಕಳೇ, ನಾನು ಹೆಚ್ಚು ಓದಿದವಳಲ್ಲ. ನನ್ನ ತವರು ಹಟ್ಟಿಯಲ್ಲಿ ಒಂದು ಚಿಕ್ಕ ಶಾಲೆ ಇತ್ತು. ಅಲ್ಲಿ ಕನ್ನಡ ಕಲಿಸುತ್ತಿದ್ದರು. ನಾವು ಮನೆಯಲ್ಲಿ ಆಡುವ ಬಡಗರ ಮಾತು ಒಂದು ರೀತಿ, ಶಾಲೆಯ ಕನ್ನಡ ಇನ್ನೊಂದು ರೀತಿ. ನಮ್ಮ ಮಾತನ್ನು ಬರೆಯುವುದು ನನಗೆ ಗೊತ್ತಿಲ್ಲ, ಅದಕ್ಕೆ ಶಾಲೆಯ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಾಲ್ಕು ಜನರ ಮುಂದೆ ಬಾಯಿಬಿಟ್ಟು ಕತೆ ಹೇಳಲು ನನಗೆ ಈ ವಯಸ್ಸಿನಲ್ಲೂ ನಾಚಿಕೆ. ಬರೆದರೆ ನೀವು ಓದುವಾಗ ನಾನು ಎದುರಿಗಿರಬೇಕಾಗಿಲ್ಲ.

ನಿಮ್ಮ ಅಜ್ಜನ ಹಟ್ಟಿ ಊಟಿಯ ಕೆಳಗಿನ ಕಣಿವೆಯಲ್ಲಿದೆ ಎಂದು ನಿಮಗೆ ಗೊತ್ತೇ ಇದೆ. ಊಟಿಯನ್ನು ನಾವು ಪೇಟೆ ಎಂದೇ ಕರೆಯುತ್ತಿದ್ದೆವು. ಆ ಪೇಟೆ ನಮ್ಮ ಕಣ್ಣೆದುರಿಗೇ ಬೆಳೆಯಿತು. ನನ್ನ ಅಪ್ಪನ ಕಾಲದಲ್ಲಿ ಹುಲ್ಲಿದ್ದ ಗುಡ್ಡದ ಮೇಲೆ ನನ್ನ ಕಾಲಕ್ಕೆ ಕೆಂಪು ಹೆಂಚಿನ ಮನೆಗಳು ಬಂದವು. ಬೇಸಿಗೆ ಬಂತೆಂದರೆ ಮದರಾಸಿನಿಂದ ದೊರೆಗಳು, ಅವರ ಹಿಂದೆ ಗುಮಾಸ್ತರು, ಅಡುಗೆಯವರು, ಅಗಸರು, ಕುದುರೆಗಳು, ಕುದುರೆ ನೋಡಿಕೊಳ್ಳುವವರು. ರೈಲು ಬಂದ ಮೇಲಂತೂ ಕೇಳಬೇಡಿ. ನಾವು ಬೆಳೆದ ಆಲೂಗಡ್ಡೆಯೆಲ್ಲ ಅಲ್ಲೇ ಖರ್ಚಾಗುತ್ತಿತ್ತು. ಅಲ್ಲಿಯ ಗಾಜಿನ ಅಂಗಡಿಗಳನ್ನು, ದೀಪದ ಕಂಬಗಳನ್ನು ನೋಡಿ ಬಂದವರು ವಾರವಿಡೀ ಅದೇ ಮಾತಾಡುತ್ತಿದ್ದರು. ನಾನೂ ಬಾಯಿ ತೆರೆದು ಕೇಳಿದವಳೇ.

ಪೇಟೆಯ ಕಡೆಯಿಂದ ಒಂದು ಹಳ್ಳ ಹರಿದು ಬಂದು ನಿಮ್ಮ ಅಜ್ಜನ ಹಟ್ಟಿಯ ಕೆಳಗೆ ಹಾದು ಹೋಗುತ್ತದೆ. ಹಟ್ಟಿ ಕಟ್ಟಿದ ಹಿರಿಯರು ಆ ಹಳ್ಳವನ್ನು ನೋಡಿಯೇ ಅಲ್ಲಿ ನೆಲೆ ನಿಂತರಂತೆ. ನಮ್ಮಲ್ಲಿ ಮದುವೆ ಅಂದರೆ ನೀರು ತರುವುದೇ ಮುಖ್ಯ. ಹೆಣ್ಣು ಗಂಡನ ಮನೆಗೆ ಬಂದ ದಿನ ಹೊಸ ಕೊಡ ಹಿಡಿದು, ವಾದ್ಯದ ಜೊತೆ ಹೋಗಿ, ಹಟ್ಟಿಯ ನೀರು ತುಂಬಿ ತಲೆಯ ಮೇಲೆ ಹೊತ್ತು ತರಬೇಕು. ಈ ಹಟ್ಟಿಯಲ್ಲಿ ಅದಕ್ಕೆ ಇನ್ನೂ ಎರಡು ಕಟ್ಟುಪಾಡು ಇದ್ದವು. ಹೆಣ್ಣು ಹಿಡಿದ ಕೊಡವನ್ನು ಹೊಸಿಲು ದಾಟುವವರೆಗೆ ಬೇರೆ ಯಾರೂ ಮುಟ್ಟುವಂತಿಲ್ಲ, ಗಂಡನೂ ಕೂಡ. ಆ ನೀರಿನ ಮೊದಲ ಗುಟುಕನ್ನು ಹಟ್ಟಿಯ ಹಿರಿಯರು ಕುಡಿಯಬೇಕು. ಆಮೇಲೆ ಉಳಿದ ನೀರಲ್ಲಿ ಅಡುಗೆ, ಆಮೇಲೆ ಊಟ. ಆ ಗುಟುಕು ಒಳಗೆ ಹೋಗುವವರೆಗೆ ಮದುವೆ ಆಯಿತು ಎಂದು ಯಾರೂ ಹೇಳುತ್ತಿರಲಿಲ್ಲ.

ನೀರು ತುಂಬುವ ಜಾಗವೂ ಗೊತ್ತಾದದ್ದೇ. ಹಳ್ಳದ ದಡದಲ್ಲಿ ಒಂದು ಚಪ್ಪಟೆ ಕಲ್ಲು. ಎಷ್ಟು ತಲೆಮಾರಿನ ಹೆಣ್ಣುಮಕ್ಕಳು ಅದರ ಮೇಲೆ ಮೊಣಕಾಲೂರಿದ್ದರೋ, ಕಲ್ಲು ನುಣುಪಾಗಿತ್ತು.

ಈಗ ನನ್ನ ಮಾಮಿಯ ವಿಷಯ ಹೇಳಬೇಕು. ಮಾಮಿ ಅಂದರೆ ನನ್ನ ಅತ್ತೆ, ನಿಮ್ಮ ಅಜ್ಜನ ಅವ್ವೆ. ಕುಳ್ಳಗಿದ್ದರು, ಗಟ್ಟಿ ಇದ್ದರು. ಬೆನ್ನ ಮೇಲೆ ಆಲೂಗಡ್ಡೆ ಮೂಟೆ ಹೊತ್ತು ಪೇಟೆಗೆ ಹತ್ತಿದರೆ ಗಂಡಸರೂ ಹಿಂದೆ ಉಳಿಯುತ್ತಿದ್ದರು. ಓದು ಗೊತ್ತಿರಲಿಲ್ಲ. ನನ್ನ ಮದುವೆಯ ಹಿಂದಿನ ವರ್ಷ ಅವರ ಕೊನೆಯ ಮಗಳು ತೀರಿಕೊಂಡಳು. ನಿಮ್ಮ ಅಜ್ಜನ ತಂಗಿ, ಇನ್ನೂ ಹಲ್ಲು ಬೀಳುವ ವಯಸ್ಸು. ವಾಂತಿಭೇದಿ. ಬೆಳಿಗ್ಗೆ ಎಮ್ಮೆ ಕರುವಿನ ಜೊತೆ ಆಡುತ್ತಿದ್ದವಳು ಮಾರನೆಯ ದಿನ ಇರಲಿಲ್ಲ. ಆ ಬೇಸಿಗೆ ಹಟ್ಟಿಯಲ್ಲಿ ಇನ್ನೂ ಕೆಲವರು ಹೋದರು. ಯಾರೋ ದೃಷ್ಟಿ ಎಂದರು, ಯಾರೋ ದೇವರಿಗೆ ಹರಕೆ ತಪ್ಪಿತು ಎಂದರು.

ಮಗಳು ಹೋದ ಮೇಲೆ ಒಂದು ದಿನ ಮಾಮಿಯ ಎಮ್ಮೆಯೊಂದು ತಪ್ಪಿಸಿಕೊಂಡಿತು. ಹುಡುಕುತ್ತ ಹಳ್ಳದ ಜಾಡಿನಲ್ಲೇ ಮೇಲೆ ಮೇಲೆ ಹೋದರು. ನಾವೆಲ್ಲ ಪೇಟೆಗೆ ಹೋಗುವುದು ಗುಡ್ಡದ ನೆತ್ತಿಯ ದಾರಿಯಲ್ಲಿ. ಹಳ್ಳದ ಜಾಡು ಹಿಡಿದು ಯಾರೂ ಹೋಗುತ್ತಿರಲಿಲ್ಲ, ಅಲ್ಲಿ ಏನು ಕೆಲಸ? ಮಾಮಿ ಹೋದರು. ಕುದುರೆ ಲಾಯಗಳ ಹಿಂಭಾಗ ಕಂಡರು. ಕಸಾಯಿ ಅಂಗಡಿಗಳ ನೀರು ಹಳ್ಳಕ್ಕೆ ಇಳಿಯುವುದು ಕಂಡರು. ಸಾಲು ಮನೆಗಳ ಕಕ್ಕಸಿನಿಂದ ತೆಗೆದದ್ದನ್ನು ಗಾಡಿಯಲ್ಲಿ ತಂದು ದಡದಲ್ಲೇ ಸುರಿಯುವುದನ್ನೂ ಕಂಡರು. ಎಮ್ಮೆ ಸಿಕ್ಕಿತು, ಆ ನೀರನ್ನೇ ಕುಡಿಯುತ್ತ ನಿಂತಿತ್ತಂತೆ. "ಎಮ್ಮೆಗೆ ಒಂದು ಏಟು ಕೊಟ್ಟು ಹೊಡೆದುಕೊಂಡು ಬಂದೆ ಕೂಸೇ. ನನ್ನ ಮಗಳಿಗೆ ಹಾಗೆ ಒಂದು ಏಟು ಕೊಟ್ಟು ತಡೆಯೋಕೆ ಆಗಲಿಲ್ಲ," ಎಂದು ಅವರು ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದರು. ಅದಕ್ಕಿಂತ ಹೆಚ್ಚು ಆ ಮಾತನ್ನು ಎಂದೂ ಎತ್ತಲಿಲ್ಲ.

ಅಂದಿನಿಂದ ಮಾಮಿ ಹಳ್ಳದ ನೀರು ಬಿಟ್ಟರು. ಹಟ್ಟಿಯ ಮೇಲೆ, ಬೆಟ್ಟದ ಮಡಿಲಿನಲ್ಲಿ ಒಂದು ದಟ್ಟ ಕಾಡಿನ ತುಂಡು ಇದೆಯಲ್ಲ, ನಾವು ಸೋಲೆ ಎನ್ನುತ್ತೇವಲ್ಲ, ಅದರೊಳಗೆ ಒಂದು ಒರತೆ. ದಾರಿ ಕಡಿದು, ನೀರು ಸಣ್ಣದು, ಒಂದು ಕೊಡ ತುಂಬಲು ಕಾದು ಕೂರಬೇಕು. ಮಾಮಿ ದಿನವೂ ಹತ್ತಿ ಅಲ್ಲಿಂದಲೇ ತರುತ್ತಿದ್ದರು. ಹಟ್ಟಿಯ ಹೆಂಗಸರು ನಗುತ್ತಿದ್ದರು. "ನೋಡಿ, ದೊರೆಸಾನಿ ಬಂದರು, ಇವರಿಗೆ ಬೆಟ್ಟದ ನೀರೇ ಆಗಬೇಕು!" ಎನ್ನುತ್ತಿದ್ದರು. ಮಾಮಿ ಕೊಡ ಹೊತ್ತು ಮುಂದೆ ನಡೆಯುತ್ತಿದ್ದರು.

ಆ ಸೋಲೆಯ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ಪೇಟೆ ಬೆಳೆದ ಹಾಗೆ ಒಲೆಗಳೂ ಬೆಳೆದವು. ಆ ಚಳಿಗೆ ಮನೆ ಮನೆಯಲ್ಲೂ ಬೆಂಕಿಗೂಡು. ಸೌದೆ ಎಷ್ಟಿದ್ದರೂ ಸಾಲದು. ಪೇಟೆಯ ಒಬ್ಬ ಸೌದೆ ಗುತ್ತಿಗೆದಾರ ಹಟ್ಟಿಯ ಗೌಡರ ಹತ್ತಿರ ಬಂದು, "ಈ ಸೋಲೆ ಕಡಿಯಲು ಬಿಡಿ, ನಿಮ್ಮ ಮಕ್ಕಳಿಗೆ ಹೆಂಚಿನ ಶಾಲೆ ಕಟ್ಟಿಸಿಕೊಡುತ್ತೇನೆ" ಎಂದಿದ್ದ. ಗೌಡರು ಒಪ್ಪಿದ್ದರು. ಅವರನ್ನು ನೀವು ಕೆಟ್ಟವರು ಎಂದುಕೊಳ್ಳಬೇಡಿ. ಹಟ್ಟಿಯಲ್ಲಿ ಶಾಲೆಯೇ ಇರಲಿಲ್ಲ. ಅವರ ಸ್ವಂತ ಮಗ ಹೆಬ್ಬೆಟ್ಟು ಒತ್ತುವವನಾಗಿ ಪೇಟೆಯ ಅಂಗಡಿಯವರ ಮುಂದೆ ತಲೆತಗ್ಗಿಸಿ ನಿಲ್ಲುವುದನ್ನು ಅವರಿಗೆ ಸಹಿಸಲಾಗುತ್ತಿರಲಿಲ್ಲ.

ಈ ಗೌಡರು ನನ್ನ ಮಾವನವರ ಅಣ್ಣ. ನಾನು ಅವರನ್ನು ದೊಡ್ಡ ಮಾಮ ಎನ್ನಬೇಕು. ಮಾಮಿಗೆ ಗಂಡನ ಅಣ್ಣ ಆದ್ದರಿಂದ ಅವರಿಬ್ಬರು ಎದುರೆದುರು ಮಾತಾಡುವ ಹಾಗಿಲ್ಲ. ಏನಾದರೂ ಹೇಳಬೇಕಿದ್ದರೆ ನಡುವೆ ಯಾರಾದರೂ ಇರಬೇಕು. ಯಾರೂ ಇಲ್ಲದಿದ್ದರೆ ನಾಯಿಗೋ ಕಂಬಕ್ಕೋ ಹೇಳಿದ ಹಾಗೆ ಹೇಳಬೇಕು. ನಿಮಗೆ ನಗು ಬರಬಹುದು. ಆಗ ಅದು ಮರ್ಯಾದೆ.

ಮದುವೆಯ ದಿನ ಬೆಳಿಗ್ಗೆ ತವರು ಬಿಡುವಾಗ ನನ್ನ ಅವ್ವೆ ಕಿವಿಯಲ್ಲಿ ಹೇಳಿದ್ದು ಇಷ್ಟೇ: "ಬಾಯಿ ಬಿಡಬೇಡ. ಕೊಡ ಅಲ್ಲಾಡಿಸಬೇಡ. ಒಂದು ಹನಿ ಚೆಲ್ಲಿದರೂ ಆಯುಷ್ಯ ಪೂರ್ತಿ ಎತ್ತಿ ಆಡುತ್ತಾರೆ." ನಾನು ಹೂಂ ಎಂದೆ. ಬಾಯಿ ಬಿಡದೆ ಇರುವುದು ನನಗೆ ಕಷ್ಟವೇ ಆಗಿರಲಿಲ್ಲ.

ಗುಡ್ಡದ ದಾರಿ ನಡೆದು ಬಂದೆವು. ಬಾಗಿಲಲ್ಲಿ ಮಾಮಿ ನನ್ನ ಕಾಲಿಗೆ ನೀರು ಹೊಯ್ದರು. ಹಿರಿಯರು ಒಬ್ಬೊಬ್ಬರಾಗಿ ತಲೆಯ ಮೇಲೆ ಕೈಯಿಟ್ಟು "ಬದುಕು, ಬದುಕು" ಎಂದರು. ಗೌಡರ ಕೈ ದೊಡ್ಡದು, ಒರಟು, ಬಿಸಿ ಇತ್ತು. ಅವರು ಜ್ವರದಿಂದ ಎದ್ದು ಇನ್ನೂ ಹೆಚ್ಚು ದಿನವಾಗಿರಲಿಲ್ಲವಂತೆ, ನನಗೆ ಗೊತ್ತಿರಲಿಲ್ಲ. ಆಮೇಲೆ ಹೊಸ ಹಿತ್ತಾಳೆ ಕೊಡ ನನ್ನ ಕೈಗೆ ಬಂತು. ಡೋಲು, ಕೊಳಲು ಮುಂದೆ. ಹಿಂದೆ ಇಡೀ ಹಟ್ಟಿ. ಹಳ್ಳಕ್ಕೆ ಇಳಿದೆವು.

ದೂರದಿಂದ ಹಳ್ಳ ಚೆನ್ನಾಗಿಯೇ ಕಂಡಿತು. ಹತ್ತಿರ ಹೋದ ಮೇಲೆ ವಾಸನೆ ಬಂತು. ಬೇಸಿಗೆ ಶುರುವಾಗಿತ್ತು, ನೀರು ಇಳಿದಿತ್ತು, ಪೇಟೆಯಲ್ಲಿ ಜನ ತುಂಬಿದ್ದರು. ಕಲ್ಲಿನ ಸುತ್ತ ಬೂದು ಬಣ್ಣದ ನೊರೆ ನಿಂತಿತ್ತು. ನೊರೆಯಲ್ಲಿ ಹುಲ್ಲು, ಕೋಳಿಯ ಪುಕ್ಕ. ಮುಖ ಪಕ್ಕಕ್ಕೆ ತಿರುಗಿಸಿದೆ. ಆದರೂ ನನ್ನದೇನು, ಎಲ್ಲ ಹೆಣ್ಣುಮಕ್ಕಳೂ ಇಲ್ಲೇ ತುಂಬಿದ್ದಾರೆ ಎಂದುಕೊಂಡು ಕಲ್ಲಿನ ಮೇಲೆ ಮೊಣಕಾಲೂರಿದೆ.

"ಕೂಸೇ, ಅಲ್ಲೇ ಇರು," ಎಂದರು ಮಾಮಿ.

ಡೋಲು ನಿಂತಿತು. ಮಾಮಿ ಗೌಡರ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತ ಗಟ್ಟಿಯಾಗಿ ಹೇಳಿದರು, "ಕೂಸೇ, ನಿನ್ನ ದೊಡ್ಡ ಮಾಮನಿಗೆ ಹೇಳು. ನನ್ನ ಸೊಸೆ ಮೇಲಿನ ಒರತೆಯ ನೀರು ತರುತ್ತಾಳೆ. ಈ ಹಳ್ಳದ್ದಲ್ಲ."

ಗೌಡರೂ ನನ್ನನ್ನೇ ನೋಡುತ್ತ ಹೇಳಿದರು, "ಕೂಸೇ, ನಿನ್ನ ಮಾಮಿಗೆ ಹೇಳು. ಹಿರಿಯರು ತೋರಿಸಿದ ನೀರು ಇದು. ಅವಳೂ ಮದುವೆಯ ದಿನ ಇಲ್ಲೇ ತುಂಬಿದವಳು. ಆಗ ಇಲ್ಲದ ಮೈಲಿಗೆ ಈಗ ಎಲ್ಲಿಂದ ಬಂತು?"

"ಕೂಸೇ, ಹೇಳು ನಿನ್ನ ದೊಡ್ಡ ಮಾಮನಿಗೆ. ಎಲ್ಲಿಂದ ಬಂತು ಅಂತ ನಾನು ಹೋಗಿ ನೋಡಿ ಬಂದಿದ್ದೇನೆ. ಅವರೂ ಒಂದು ದಿನ ಈ ಹಳ್ಳದ ಜಾಡು ಹಿಡಿದು ಹೋಗಿ ಬರಲಿ."

"ಕೂಸೇ, ಹೇಳು. ಹರಿಯುವ ನೀರಿಗೆ ದೋಷ ಇಲ್ಲ ಅಂತ."

"ಹೇಳು ಕೂಸೇ, ದೋಷವೂ ಹರಿಯುತ್ತದೆ ಅಂತ."

ನಾನು ಏನು ಹೇಳಲಿ? ಇಬ್ಬರೂ ನನ್ನ ಮುಖ ನೋಡಿ ಜಗಳವಾಡುತ್ತಿದ್ದಾರೆ, ನನಗೋ ಬಾಯಿ ಬಿಡುವ ಹಾಗಿಲ್ಲ. ಖಾಲಿ ಕೊಡ ಹಿಡಿದು ಆ ಕಡೆ ಒಂದು ಸಲ, ಈ ಕಡೆ ಒಂದು ಸಲ ತಿರುಗುತ್ತಿದ್ದೆ. ಹಿಂದೆ ಒಬ್ಬ ಮುದುಕಿ, ಕಣ್ಣು ಕಾಣದವರು, "ಏನಾಯ್ತು? ಹೆಣ್ಣು ಜಾರಿ ಬಿತ್ತಾ?" ಎಂದು ಕೇಳಿದರು. "ಇಲ್ಲ ಅಜ್ಜಿ, ಯಾವ ನೀರು ಅಂತ ಮಾತಾಗ್ತಿದೆ," ಎಂದರು ಯಾರೋ. "ಯಾವುದಾದರೂ ಒಂದು ತನ್ನಿ, ನನಗೆ ಹಸಿವು," ಎಂದರು ಆ ಅಜ್ಜಿ. ಕೆಲವರು ನಕ್ಕರು. ನಗು ಬೇಗ ನಿಂತಿತು.

ಯಾಕೆಂದರೆ ಎಲ್ಲರಿಗೂ ಒಂದು ವಿಷಯ ಗೊತ್ತಿತ್ತು, ನನಗೆ ಮಾತ್ರ ಆಗ ಗೊತ್ತಿರಲಿಲ್ಲ. ಮದುವೆ ನೀರು ತುಂಬಿದ ಜಾಗದ ಸುತ್ತ ಕೊಡಲಿ ಆಡಿಸುವಂತಿಲ್ಲ. ಅದೂ ಹಟ್ಟಿಯ ಕಟ್ಟುಪಾಡೇ. ಒಂದು ಹೆಣ್ಣು ಒರತೆಯಲ್ಲಿ ಕೊಡ ಮುಳುಗಿಸಿದಳೋ, ಸೋಲೆಯ ಒಂದು ಮರವೂ ಪೇಟೆಯ ಒಲೆಗೆ ಹೋಗುವುದಿಲ್ಲ. ಶಾಲೆಯೂ ಬರುವುದಿಲ್ಲ. ಮಾಮಿಗೆ ಅದು ಗೊತ್ತಿತ್ತು. ಗೌಡರಿಗೆ ಮಾಮಿಯ ಮನಸ್ಸಿನಲ್ಲಿ ಇರುವುದು ಗೊತ್ತಿತ್ತು.

ಗೌಡರ ದನಿ ಏರಿತು. "ಕೂಸೇ, ನೀರು ತುಂಬು."

ದೊಡ್ಡವರು ಹೇಳಿದ ಮೇಲೆ ನನ್ನ ಕೈ ತಾನಾಗಿಯೇ ಬಗ್ಗಿತು. ಕೊಡ ಮುಳುಗಿಸಿದೆ. ಗುಳುಗುಳು ಎಂದು ನೀರು ತುಂಬಿತು. ಡೋಲಿನವನು ಎಲ್ಲ ಸರಿಹೋಯಿತು ಎಂದುಕೊಂಡು ಜೋರಾಗಿ ಬಾರಿಸಿದ. ಯಾರೋ ಅವನ ಕೈ ಹಿಡಿದು ನಿಲ್ಲಿಸಿದರು.

ಮಾಮಿಯ ಮುಖ ಕೆಂಪಾಯಿತು. "ಸರಿ," ಎಂದರು. "ಮೊದಲ ಗುಟುಕು ಹಿರಿಯರದು ಅಲ್ಲವಾ ಕೂಸೇ? ಮನೆತನಕ ಯಾಕೆ ಹೊರಬೇಕು? ಈ ನೀರು ಅಷ್ಟು ಒಳ್ಳೆಯದಾದರೆ ನಿನ್ನ ದೊಡ್ಡ ಮಾಮ ಇಲ್ಲೇ, ಎಲ್ಲರೆದುರು ಕುಡಿಯಲಿ. ಆಮೇಲೆ ನಾನು ಬಾಯಿ ಮುಚ್ಚುತ್ತೇನೆ."

ಕೋಪದಲ್ಲಿ ಬಂದ ಮಾತು. ಗೌಡರು ಹಿಂದೆ ಸರಿಯುತ್ತಾರೆ ಎಂದು ಅವರು ಎಣಿಸಿದ್ದರೋ ಏನೋ. ಗೌಡರು ಹಿಂದೆ ಸರಿಯುವ ಮನುಷ್ಯರಲ್ಲ. ಊರುಗೋಲನ್ನು ನೆಲಕ್ಕೆ ಹಾಕಿದರು. ಮೈಗೆ ಹೊದೆದ ಬಿಳಿ ಬಟ್ಟೆ, ನಮ್ಮವರ ಸೀಲೆ, ಅದನ್ನು ಹೆಗಲಿಗೆ ಎಳೆದುಕೊಂಡರು. ನನ್ನ ಮುಂದೆ ಬಂದು ಬಗ್ಗಿ ಎರಡು ಕೈ ಜೋಡಿಸಿ ಬೊಗಸೆ ಹಿಡಿದರು. "ಹೊಯ್ಯಿ," ಎಂದರು.

ಹತ್ತಿರದಿಂದ ನೋಡಿದಾಗ ಗೊತ್ತಾಯಿತು, ಆ ದೊಡ್ಡ ಕೈಗಳಲ್ಲಿ ಎಲುಬು ಎದ್ದು ಕಾಣುತ್ತಿತ್ತು. ಜ್ವರ ಬಿಟ್ಟ ಮುಖ ಒಣಗಿತ್ತು. ನಾನು ಮಾಮಿಯನ್ನು ನೋಡಿದೆ. ಒಂದು ಗಳಿಗೆಯ ಹಿಂದೆ ಕೆಂಪಾಗಿದ್ದ ಮುಖ ಬೂದಿಯಂತಾಗಿತ್ತು. ಅವರು ಕೊಡವನ್ನು ಕಿತ್ತುಕೊಳ್ಳುವಂತಿಲ್ಲ, ಗೌಡರ ಕೈಯನ್ನು ಹಿಡಿಯುವಂತೆಯೂ ಇಲ್ಲ. ಅಲ್ಲಿ ನಿಂತವರಲ್ಲಿ ಯಾರೂ ಆ ಕೊಡ ಮುಟ್ಟುವಂತಿಲ್ಲ. ನಿಮ್ಮ ಅಜ್ಜ ಮುಂದೆ ಒಂದು ಹೆಜ್ಜೆ ಇಟ್ಟು ಹಾಗೇ ನಿಂತರು. ಮುಟ್ಟಬಹುದಾದವಳು ನಾನೊಬ್ಬಳೇ.

ನನಗೆ ಧೈರ್ಯ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಭಯವಾಯಿತು. ಈ ಮುದುಕರು ನನ್ನ ಕೈ ನೀರು ಕುಡಿದು ಮಲಗಿದರೆ ಎಂಬ ಭಯ, ಅವ್ವೆ ಹೇಳಿದ ಮಾತಿನ ಭಯಕ್ಕಿಂತ ದೊಡ್ಡದಾಯಿತು. ಕೊಡ ಓರೆ ಮಾಡಿದೆ. ಅವರ ಬೊಗಸೆಗೆ ಅಲ್ಲ, ಪಕ್ಕಕ್ಕೆ. ಎಲ್ಲ ನೀರನ್ನೂ ದಡದ ಮಣ್ಣಿಗೆ ಸುರಿದುಬಿಟ್ಟೆ.

ಹಟ್ಟಿಗೆ ಹಟ್ಟಿಯೇ ಉಸಿರೆಳೆದುಕೊಂಡದ್ದು ಕೇಳಿಸಿತು. ನನ್ನ ಜೊತೆ ಬಂದಿದ್ದ ತವರಿನ ಹೆಂಗಸರು ಅಳಲು ಶುರು ಮಾಡಿದರು. ಮದುವೆ ಕೊಡ ಚೆಲ್ಲಿದ ಹೆಣ್ಣನ್ನು ತಿರುಗಿ ಕಳಿಸುವುದೇ ರೂಢಿ. ಒಬ್ಬರು ಹೇಳಿಯೇಬಿಟ್ಟರು, "ಇನ್ನೇನು, ಬಂದ ದಾರಿಯಲ್ಲೇ ಕರೆದುಕೊಂಡು ಹೋಗಿ."

"ಹೋಗಲಿ," ಎಂದರು ಮಾಮಿ. "ಕೂಸೇ, ನೀನು ಹೋದರೆ ನಿನ್ನ ಹಿಂದೆ ನಾನೂ ಬರುತ್ತೇನೆ. ನಿನ್ನ ತವರಲ್ಲಿ ನನಗೂ ಒಂದು ಮೂಲೆ ಕೊಡು. ನೀರಾದರೂ ಚೆನ್ನಾಗಿರಬಹುದು."

ಗೌಡರು ಇನ್ನೂ ಬಗ್ಗಿಯೇ ಇದ್ದರು, ಖಾಲಿ ಬೊಗಸೆ ಹಾಗೇ ಇತ್ತು. ನಿಧಾನವಾಗಿ ನೆಟ್ಟಗಾದರು. ನನ್ನನ್ನು ನೋಡಿದರು. ಈ ಸಲ ಮಾಮಿಗೆ ಹೇಳುವ ಮಾತನ್ನು ನನ್ನ ಮುಖಕ್ಕೆ ಹೇಳಿದ್ದಲ್ಲ, ನನ್ನನ್ನೇ ಕೇಳಿದರು. "ಯಾಕೆ ಚೆಲ್ಲಿದೆ ಕೂಸೇ? ಮಾಮಿ ಕಣ್ಣು ಸನ್ನೆ ಮಾಡಿದಳಾ?"

ನಾನು ತಲೆ ಅಲ್ಲಾಡಿಸಿದೆ. ಅವರು ಕಾಯುತ್ತ ನಿಂತರು. ಬಾಯಿ ಬಿಡಲೇಬೇಕಾಯಿತು.

"ನನ್ನ ಕೈ ನೀರಿನಿಂದ ನಿಮಗೆ ಏನೂ ಆಗಬಾರದು ಮಾಮ," ಎಂದೆ. ಆ ಹಟ್ಟಿಯಲ್ಲಿ ನಾನು ಆಡಿದ ಮೊದಲ ಮಾತು ಅದು. ನನಗೇ ಸರಿಯಾಗಿ ಕೇಳಿಸಲಿಲ್ಲ. ಅವರಿಗೆ ಕೇಳಿಸಿತು.

ಗೌಡರು ಹಳ್ಳದ ಕಡೆ ತಿರುಗಿ ಸ್ವಲ್ಪ ಹೊತ್ತು ನೊರೆಯನ್ನೇ ನೋಡಿದರು. ಅವರ ಮನಸ್ಸಿನಲ್ಲಿ ಏನು ಓಡುತ್ತಿತ್ತೋ. ಶಾಲೆಯೋ, ಕೊಟ್ಟ ಮಾತೋ, ಹಿಂದಿನ ಬೇಸಿಗೆಯಲ್ಲಿ ಅವರೇ ಹೊತ್ತು ಹೋಗಿ ಮಣ್ಣು ಮಾಡಿದ ತಮ್ಮನ ಮಗಳೋ. ಕೊನೆಗೆ ಬಗ್ಗಿ ಊರುಗೋಲು ಎತ್ತಿಕೊಂಡರು.

"ಡೋಲು ಬಾರಿಸ್ರೋ," ಎಂದರು. "ಯಾಕೆ ಸತ್ತ ಮನೆಯ ಹಾಗೆ ನಿಂತಿದ್ದೀರಿ? ಹೆಣ್ಣು ನೀರು ತುಂಬಬೇಕು. ಮೇಲೆ ನಡೀರಿ."

ಒಬ್ಬರು ಹತ್ತಿರ ಹೋಗಿ, "ನೀವು ಇಲ್ಲೇ ಕೂರಿ ಗೌಡರೇ, ದಾರಿ ಕಡಿದು, ನಿಮ್ಮ ಮೈ ಇನ್ನೂ ಸರಿಯಿಲ್ಲ. ನಾವು ಕರೆದುಕೊಂಡು ಹೋಗಿ ಬರುತ್ತೇವೆ," ಎಂದರು. ಗೌಡರು ಗದರಿಸಿದರು, "ಹಿರಿಯರು ನಿಂತು ನೋಡದ ನೀರು ಮದುವೆ ನೀರು ಆಗ್ತದೇನೋ? ನಾನು ಬರದೆ ಇದ್ದರೆ ನಾಳೆ ನೀವೇ ಎದ್ದು ಅದು ಲೆಕ್ಕಕ್ಕಿಲ್ಲ ಅನ್ನುತ್ತೀರಿ. ನಿಮ್ಮನ್ನು ನಾನು ಕಾಣೆನಾ?"

ಹೀಗೆ ಹತ್ತಿದೆವು. ನನ್ನ ಆಯುಷ್ಯದಲ್ಲಿ ಅಷ್ಟು ನಿಧಾನವಾದ ಮೆರವಣಿಗೆಯನ್ನು ನಾನು ನೋಡಿಲ್ಲ. ಗೌಡರು ಸ್ವಲ್ಪ ನಡೆಯುವುದು, ನಿಲ್ಲುವುದು, ಎದೆ ಏರಿಳಿಯುವುದು. ಅವರು ನಿಂತಾಗ ಎಲ್ಲರೂ ನಿಲ್ಲಬೇಕು, ಡೋಲೂ ನಿಲ್ಲಬೇಕು. ಅವರನ್ನು ಹಿಡಿದುಕೊಳ್ಳಲು ಬಂದವರ ಕೈ ತಳ್ಳಿದರು. ಕಣ್ಣು ಕಾಣದ ಅಜ್ಜಿಯನ್ನು ಯಾರೋ ಅರ್ಧ ದಾರಿಯಲ್ಲಿ ಕೂರಿಸಿದರು. ಅಜ್ಜಿ ಅಲ್ಲಿಂದಲೇ ಕೂಗಿ ಹೇಳಿದರು, "ಬೇಗ ಬನ್ನಿ, ನಾನು ಸತ್ತ ಮೇಲೆ ಬಡಿಸಬೇಡಿ!"

ಸೋಲೆಯೊಳಗೆ ಕಾಲಿಟ್ಟ ಕೂಡಲೇ ಗಾಳಿಯೇ ಬೇರೆಯಾಯಿತು. ತಣ್ಣಗೆ, ಕತ್ತಲೆ ಕತ್ತಲೆ. ಮರಗಳ ಮೈತುಂಬ ಪಾಚಿ. ನೆಲದಲ್ಲಿ ಎಲೆ ಕೊಳೆತು ಮೆತ್ತಗಿತ್ತು, ಇಷ್ಟು ಜನ ನಡೆದರೂ ಸದ್ದಿಲ್ಲ. ಡೋಲಿನವನು ತಾನಾಗಿಯೇ ಬಾರಿಸುವುದನ್ನು ಬಿಟ್ಟ. ಎರಡು ಬಂಡೆಗಳ ನಡುವೆ ಸಣ್ಣಗೆ ನೀರು ಒಸರುತ್ತಿತ್ತು. ಕೆಳಗೆ ಮಾಮಿ ಕಲ್ಲು ಜೋಡಿಸಿ ಕಟ್ಟಿದ್ದ ಪುಟ್ಟ ಗುಂಡಿ. ತಳದ ಮರಳು ಕಾಣುತ್ತಿತ್ತು.

ಸುತ್ತಲಿನ ದೊಡ್ಡ ಮರಗಳಿಗೆಲ್ಲ ಎದೆಯ ಮಟ್ಟದಲ್ಲಿ ಸುಣ್ಣದ ಗೆರೆ ಎಳೆದಿತ್ತು. ಕಡಿಯಬೇಕಾದ ಮರಗಳನ್ನು ಗುತ್ತಿಗೆದಾರನ ಆಳುಗಳು ಗುರುತು ಮಾಡಿ ಹೋಗಿದ್ದರು. ಜನ ಅದನ್ನು ನೋಡಿದರು, ಗೌಡರನ್ನು ನೋಡಿದರು.

ನಾನು ಮೊಣಕಾಲೂರಿ ಕೊಡ ಹಿಡಿದೆ. ಅದು ಸಣ್ಣ ಒರತೆ. ತುಂಬಲು ಬಹಳ ಹೊತ್ತು ಹಿಡಿಯಿತು. ಅಷ್ಟು ಜನ ಒಂದು ಕೊಡ ತುಂಬುವುದನ್ನು ನೋಡುತ್ತ ನಿಂತಿದ್ದರು. ತುಂಬಿದ ಮೇಲೆ ಗೌಡರು ಬೊಗಸೆ ಹಿಡಿದರು. ಈ ಸಲ ಹೊಯ್ದೆ. ಅವರು ಕಣ್ಣು ಮುಚ್ಚಿ ಕುಡಿದರು. ಮೀಸೆ ಒರೆಸಿಕೊಂಡರು. "ಇನ್ನಷ್ಟು ಹೊಯ್ಯಿ," ಎಂದರು. ಇನ್ನೊಮ್ಮೆ ಕುಡಿದು, ಮತ್ತೂ ಒಂದು ಬೊಗಸೆ ಹೊಯ್ಯಿಸಿಕೊಂಡಾಗ ಹಿಂದಿನಿಂದ ಯಾರೋ, "ಅಡುಗೆಗೂ ಸ್ವಲ್ಪ ಉಳಿಸಿ ಗೌಡರೇ," ಎಂದರು. ಆಗ ನೋಡಿ, ಎಲ್ಲರೂ ಒಟ್ಟಿಗೆ ನಕ್ಕರು. ನನ್ನ ತವರಿನವರೂ ನಕ್ಕರು.

ಗೌಡರು ಆ ಬೊಗಸೆ ನೀರನ್ನು ಕುಡಿಯಲಿಲ್ಲ. ಹಾಗೇ ಹಿಡಿದುಕೊಂಡು ಹತ್ತಿರದ ಮರದ ಬಳಿಗೆ ಹೋದರು. ಸುಣ್ಣದ ಗೆರೆಯ ಮೇಲೆ ಎರಚಿದರು. ಹೊಸ ಬಿಳಿ ಸೀಲೆಯ ತುದಿಯನ್ನು ಮುದ್ದೆ ಮಾಡಿ ಉಜ್ಜಿದರು. ಪಾಚಿಯೂ ಸುಣ್ಣವೂ ಸೇರಿ ಸೀಲೆ ಹಸಿರು ಹಸಿರಾಯಿತು. ಉಜ್ಜಿ ಉಜ್ಜಿ ಗೆರೆ ಹೋದ ಮೇಲೆ ತಿರುಗಿ ಮಾಮಿಯನ್ನೇ ನೇರವಾಗಿ ನೋಡಿದರು. ನಡುವೆ ನಾನಿರಲಿಲ್ಲ, ನಾಯಿ ಇರಲಿಲ್ಲ, ಕಂಬವಿರಲಿಲ್ಲ.

"ಶಾಲೆಗೆ ಏನು ಮಾಡೋಣ ಹೇಳು," ಎಂದರು.

ಮಾಮಿ ತಲೆಯ ಬಟ್ಟೆ ಮುಂದಕ್ಕೆ ಎಳೆದುಕೊಂಡರು. ಆದರೆ ಅವರೂ ನೇರವಾಗಿಯೇ ಉತ್ತರ ಕೊಟ್ಟರು. "ಕಲ್ಲು ನಾವು ಹೊರುತ್ತೇವೆ. ಹೆಂಚು ಇಲ್ಲದಿದ್ದರೆ ಹುಲ್ಲು ಹೊದಿಸಿ. ಮಕ್ಕಳು ಬದುಕಿದ್ದರೆ ಹುಲ್ಲಿನ ಕೆಳಗೂ ಓದುತ್ತಾರೆ."

ಆಮೇಲೆ ನಡೆದದ್ದನ್ನು ಚಿಕ್ಕದಾಗಿ ಬರೆಯುತ್ತೇನೆ. ಗುತ್ತಿಗೆದಾರ ಬಂದು ಕೂಗಾಡಿದ. ಗೌಡರು ಕೊಟ್ಟ ಮಾತು ತಪ್ಪಿದವರು ಎಂದು ಪೇಟೆಯ ಬೀದಿಯಲ್ಲಿ ಹೇಳಿಕೊಂಡು ತಿರುಗಿದ. ಮಾತಿಗೆ ಅಷ್ಟು ಬೆಲೆ ಕೊಡುವ ಮನುಷ್ಯ ಅದನ್ನು ತಲೆ ತಗ್ಗಿಸಿ ಕೇಳಿಸಿಕೊಂಡರು, ಮಾಮಿಯ ಮೇಲೆ ಹಾಕಲಿಲ್ಲ. ಮೈ ಗಟ್ಟಿಯಾದ ಮೇಲೆ ಒಂದು ದಿನ ಯಾರಿಗೂ ಹೇಳದೆ ಹಳ್ಳದ ಜಾಡು ಹಿಡಿದು ಪೇಟೆಯವರೆಗೆ ನಡೆದು ಹೋಗಿ ಬಂದರು. ಬಂದವರು ಊಟ ಮಾಡಲಿಲ್ಲವಂತೆ. ಮಾರನೆಯ ದಿನವೇ ಇಡೀ ಹಟ್ಟಿಯನ್ನು ಕರೆದು, ಹಳ್ಳದ ನೀರು ಇನ್ನು ಹೊಲಕ್ಕೆ ಮಾತ್ರ, ಬಾಯಿಗಲ್ಲ ಎಂದರು. ಒರತೆಯಿಂದ ಹಟ್ಟಿಯವರೆಗೆ ಮರ ಕೊರೆದು ಮಾಡಿದ ದೋಣಿಗಳನ್ನು ಕಾಲುವೆಯಂತೆ ಸಾಲಾಗಿ ಜೋಡಿಸಿ ನೀರು ಇಳಿಸಿದರು. ಪೇಟೆಯ ಕಚೇರಿಗೂ ಹೋಗಿ ಹೇಳಿ ಬಂದರು, ಒಂದಲ್ಲ ಎಷ್ಟೋ ಸಲ. ಅಲ್ಲಿ ಕೇಳಿದವರೂ ಇದ್ದರು, ಕೇಳದವರೂ ಇದ್ದರು. ವರ್ಷಗಳ ಮೇಲೆ ಆ ಗಾಡಿಗಳು ದಡದಲ್ಲಿ ಸುರಿಯುವುದು ನಿಂತಿತು. ಹಳ್ಳ ಮೊದಲಿನಂತೆ ಆಗಲಿಲ್ಲ. ಆದರೆ ಹಟ್ಟಿಯಲ್ಲಿ ಬೇಸಿಗೆಗೊಂದು ಸಾವು ಎಂಬುದು ನಿಂತುಹೋಯಿತು. ಹುಲ್ಲಿನ ಶಾಲೆಯೂ ಆಯಿತು. ನಿಮ್ಮ ಅಪ್ಪ, ಅತ್ತೆಯರು ಅಲ್ಲೇ ಓದಿದ್ದು. ಮಳೆ ಬಂದರೆ ಸೋರುತ್ತಿತ್ತು ಎಂದು ಈಗಲೂ ದೂರುತ್ತಾರೆ.

ಪೇಟೆಯನ್ನು ನಾನು ಬೈಯುವವಳಲ್ಲ. ನಿಮ್ಮ ದೊಡ್ಡಪ್ಪ ಹುಟ್ಟುವಾಗ ನಾನು ಬದುಕಿದ್ದು ಪೇಟೆಯ ಆಸ್ಪತ್ರೆಯಿಂದ. ನಮ್ಮ ಆಲೂಗಡ್ಡೆ ಕೊಂಡದ್ದೂ ಪೇಟೆಯೇ. ಜನ ಬರುತ್ತಾರೆ, ಮನೆ ಕಟ್ಟುತ್ತಾರೆ, ಬೇಡ ಎನ್ನಲು ನಾವ್ಯಾರು? ಆದರೆ ಹೊಸ ಮನೆ ಕಂಡಾಗ ಎಲ್ಲರೂ ಅದರ ಮುಂಬಾಗಿಲನ್ನು ನೋಡುತ್ತಾರೆ. ನನ್ನ ಕಣ್ಣು ಅದರ ಹಿಂದಕ್ಕೆ ಹೋಗುತ್ತದೆ, ಬಚ್ಚಲ ನೀರು ಎಲ್ಲಿಗೆ ಇಳಿಯುತ್ತದೆ, ಆ ಇಳಿಜಾರಿನ ಕೆಳಗೆ ಯಾರಿದ್ದಾರೆ ಎಂದು ನೋಡುತ್ತದೆ. ಇದು ಮಾಮಿಯಿಂದ ಬಂದ ಅಭ್ಯಾಸ. ನಿಮಗೂ ಬರಲಿ ಎಂದು ಆಸೆ.

ಮಾಮಿಯ ಧೈರ್ಯವನ್ನು ಹಟ್ಟಿಯಲ್ಲಿ ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದದ್ದೇ. ನನಗೆ ಅದರ ಜೊತೆ ಇನ್ನೊಂದು ನೆನಪು ಬರುತ್ತದೆ. ಸೋಲೆಯಿಂದ ಇಳಿಯುವಾಗ ದಾರಿ ಜಾರುತ್ತಿತ್ತು, ಎರಡೂ ಕಡೆ ಮುಳ್ಳಿನ ಪೊದೆ. ನನ್ನ ತಲೆಯ ಮೇಲೆ ತುಂಬಿದ ಕೊಡ. ಕತ್ತು ನೋಯುತ್ತಿತ್ತು, ಇನ್ನೊಂದು ಸಲ ಚೆಲ್ಲಿದರೆ ಎಂಬ ಹೆದರಿಕೆ ಬೇರೆ. ಮದುವೆ ಹೆಣ್ಣಿನ ಮುಂದೆ ವಾದ್ಯದವರು ನಡೆಯಬೇಕು, ಹಿರಿಯರು ಹಿಂದೆ ಬರಬೇಕು. ಅದು ಕ್ರಮ. ಗೌಡರು ವಾದ್ಯದವರನ್ನು ಪಕ್ಕಕ್ಕೆ ಸರಿಸಿ ತಾವೇ ಮುಂದೆ ಬಂದರು. ಊರುಗೋಲಿನಿಂದ ಮುಳ್ಳನ್ನು ಒತ್ತಿ ಹಿಡಿದು, "ಇಲ್ಲಿ ಕಲ್ಲಿದೆ ಕೂಸೇ," "ಇಲ್ಲಿ ಎಡಕ್ಕೆ," "ನಿಧಾನ, ಹಟ್ಟಿ ಎಲ್ಲಿಗೂ ಓಡಿ ಹೋಗುವುದಿಲ್ಲ," ಎನ್ನುತ್ತ ಹೊಸಿಲವರೆಗೂ ದಾರಿ ಬಿಡಿಸಿಕೊಟ್ಟರು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ಕೊಡದ ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಅವರ ಬೆನ್ನು ಮಾತ್ರ, ಹಸಿರಾದ ಆ ಸೀಲೆ ಮಾತ್ರ. ಎಲ್ಲರೆದುರು ಸೋತ ಮನುಷ್ಯ, ಸೋಲಿಸಿದವರಿಗೆ ದಾರಿ ಮಾಡಿಕೊಡುತ್ತ ಮುಂದೆ ನಡೆಯುತ್ತಿದ್ದರು. ಅಂಥ ಬೆನ್ನನ್ನು ನಾನು ಮತ್ತೆ ಕಂಡಿಲ್ಲ.